ರಾಷ್ಟ್ರಪತಿ ಚುನಾವಣೆಯ ಎಲೆಕ್ಟೋರಲ್ ಕಾಲೇಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಐದು ವರ್ಷಕ್ಕೊಮ್ಮೆ ರಾಷ್ಟ್ರಪತಿ ಚುನಾವಣೆ ಬಂದಾಗ ಟೀವಿಯಲ್ಲಿ ಮತಮೌಲ್ಯದ ಲೆಕ್ಕ ಕೆಲವು ದಿನ ಓಡುತ್ತದೆ. ಆಮೇಲೆ ಎಲ್ಲರೂ ಮರೆಯುತ್ತಾರೆ. ಈಗ ಮಾತ್ರ ಮರೆಯುವ ಹಾಗಿಲ್ಲ. ಲೋಕಸಭೆ ಕ್ಷೇತ್ರ ಪುನರ್ವಿಂಗಡಣೆ ಬಗ್ಗೆ ದಕ್ಷಿಣದ ರಾಜ್ಯಗಳಲ್ಲಿ ಜೋರು ಚರ್ಚೆ ಇದೆ. ಸಂವಿಧಾನ ಅದಕ್ಕೆ ಇಟ್ಟಿರುವ ಗಡುವೇ ರಾಷ್ಟ್ರಪತಿ ಚುನಾವಣೆಯ ಲೆಕ್ಕಕ್ಕೂ ಇದೆ. ಇದರ ಬಗ್ಗೆ ಮಾತೇ ಕೇಳಿಸುತ್ತಿಲ್ಲ. ಅದಕ್ಕೇ ಈ ಪುಟ.

ರಾಷ್ಟ್ರಪತಿಯನ್ನು ಆರಿಸುವವರು ಯಾರು?

ಸಂವಿಧಾನದ 54ನೇ ವಿಧಿಯ ಪ್ರಕಾರ, ಲೋಕಸಭೆ ಮತ್ತು ರಾಜ್ಯಸಭೆಯ ಚುನಾಯಿತ ಸದಸ್ಯರು, ಜೊತೆಗೆ ರಾಜ್ಯಗಳ ವಿಧಾನಸಭೆಗಳ ಚುನಾಯಿತ ಶಾಸಕರು. 1992ರ 70ನೇ ತಿದ್ದುಪಡಿ ದೆಹಲಿ ಮತ್ತು ಪುದುಚೇರಿಯ ಶಾಸಕರನ್ನೂ ಸೇರಿಸಿತು. ಇವರೆಲ್ಲ ಸೇರಿದ್ದೇ ಎಲೆಕ್ಟೋರಲ್ ಕಾಲೇಜ್. 2022ರಲ್ಲಿ 776 ಸಂಸದರು, 4,033 ಶಾಸಕರು ಮತದಾರರಾಗಿದ್ದರು.

ನಾಮಕರಣಗೊಂಡ ಸದಸ್ಯರಿಗೆ ಮತ ಇಲ್ಲ. ವಿಧಾನ ಪರಿಷತ್ತಿನ ಸದಸ್ಯರಿಗೂ ಇಲ್ಲ. ಹಾಗಾಗಿ ವಿಧಾನಸೌಧದಲ್ಲಿ ಕೂರುವ ನಮ್ಮ 75 ಎಂಎಲ್‌ಸಿಗಳಿಗೆ ಇದರಲ್ಲಿ ಪಾತ್ರವಿಲ್ಲ. ಉಪರಾಷ್ಟ್ರಪತಿ ಚುನಾವಣೆಯ ದಾರಿ ಬೇರೆ. ಅಲ್ಲಿ ಸಂಸತ್ತಿನ ಸದಸ್ಯರು ಮಾತ್ರ ಮತ ಹಾಕುತ್ತಾರೆ, ನಾಮಕರಣಗೊಂಡವರೂ ಸೇರಿ.

ಕರ್ನಾಟಕದ ಶಾಸಕರ ಮತದ ಮೌಲ್ಯ 131 ಅಂತಾರೆ. ಆ ಲೆಕ್ಕ ಎಲ್ಲಿಂದ ಬಂತು?

ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ 1,000ದಿಂದ ಭಾಗಿಸುತ್ತಾರೆ. ಆದರೆ ಜನಸಂಖ್ಯೆ ಇವತ್ತಿನದಲ್ಲ, 1971ರದು. ಆಗ ಕರ್ನಾಟಕದಲ್ಲಿ 2,92,99,014 ಜನ ಇದ್ದರು. ಶಾಸಕರು 224. ಭಾಗಿಸಿದರೆ 130.8 ಬರುತ್ತದೆ. ಶೇಷ ಅರ್ಧಕ್ಕಿಂತ ಕಡಿಮೆ ಇಲ್ಲದಿದ್ದರೆ ಒಂದು ಸೇರಿಸಬೇಕು. ಹೀಗೆ 131.

ಉತ್ತರ ಪ್ರದೇಶದ ಶಾಸಕರ ಮತಕ್ಕೆ 208, ತಮಿಳುನಾಡಿನಲ್ಲಿ 176, ಕೇರಳದಲ್ಲಿ 152, ಸಿಕ್ಕಿಂನಲ್ಲಿ 7. ನಮ್ಮ ಇಡೀ ವಿಧಾನಸಭೆಯ ಮೌಲ್ಯ 224 × 131, ಅಂದರೆ 29,344. ಮತ ಚೀಟಿ ಮಾತ್ರ ಒಬ್ಬರಿಗೆ ಒಂದೇ. ಮೌಲ್ಯವನ್ನು ಎಣಿಕೆ ಮಾಡುವಾಗ ಸೇರಿಸಿಕೊಳ್ಳುತ್ತಾರೆ. ಶಾಸಕರ ಚೀಟಿ ಗುಲಾಬಿ ಬಣ್ಣದ್ದು, ಸಂಸದರದ್ದು ಹಸಿರು.

ಸಂಸದರ ಮತದ ಮೌಲ್ಯ?

ದೇಶದ ಎಲ್ಲ ಶಾಸಕರ ಮತಮೌಲ್ಯ ಕೂಡಿಸಿ, ಅದನ್ನು ಸಂಸದರ ಸಂಖ್ಯೆಯಿಂದ ಭಾಗಿಸುತ್ತಾರೆ. 2022ರಲ್ಲಿ ಶಾಸಕರ ಒಟ್ಟು ಮೌಲ್ಯ 5,43,231 ಇತ್ತು. 776ರಿಂದ ಭಾಗಿಸಿದರೆ 700. ಎಲ್ಲ ಸಂಸದರದ್ದು ಸೇರಿ 5,43,200 ಆಯಿತು.

ಎರಡೂ ಕಡೆಯ ಮೊತ್ತ ಹೆಚ್ಚುಕಡಿಮೆ ಒಂದೇ, ನೋಡಿ. ಇದು ಕಾಕತಾಳೀಯ ಅಲ್ಲ, ಬೇಕೆಂದೇ ಮಾಡಿದ್ದು. ದೇಶದ ಸಂಸತ್ತು ಒಂದು ತಟ್ಟೆಯಲ್ಲಿ, ಎಲ್ಲ ರಾಜ್ಯಗಳು ಸೇರಿ ಇನ್ನೊಂದು ತಟ್ಟೆಯಲ್ಲಿ, ಎರಡಕ್ಕೂ ಸಮ ತೂಕ. ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯ ದೊಡ್ಡ ಗುಣ ಇದು. ದೆಹಲಿಯಲ್ಲಿ ಬಹುಮತ ಇದ್ದ ಮಾತ್ರಕ್ಕೆ ಒಂದು ಪಕ್ಷ ತನಗೆ ಬೇಕಾದವರನ್ನು ರಾಷ್ಟ್ರಪತಿ ಭವನಕ್ಕೆ ಕಳಿಸಲು ಆಗುವುದಿಲ್ಲ. ರಾಜ್ಯಗಳಲ್ಲೂ ಬಲ ಬೇಕು, ಇಲ್ಲವೇ ಪ್ರಾದೇಶಿಕ ಪಕ್ಷಗಳ ಜೊತೆ ಮಾತಾಡಬೇಕು. 2022ರಲ್ಲಿ ದ್ರೌಪದಿ ಮುರ್ಮು ಅವರು 6,76,803 ಮೌಲ್ಯದ ಮತ ಪಡೆದು ಗೆದ್ದರು. ಯಶವಂತ ಸಿನ್ಹಾ ಅವರಿಗೆ ಸಿಕ್ಕಿದ್ದು 3,80,177. ಆಗ ಎನ್‌ಡಿಎ ಹೊರಗಿದ್ದ ಬಿಜೆಡಿ, ವೈಎಸ್‌ಆರ್ ಕಾಂಗ್ರೆಸ್, ನಮ್ಮ ಜೆಡಿಎಸ್ ಎಲ್ಲವೂ ಮುರ್ಮು ಅವರನ್ನು ಬೆಂಬಲಿಸಿದ್ದವು.

ಜನರೇ ನೇರವಾಗಿ ಆರಿಸಿದರೆ ಆಗುತ್ತಿರಲಿಲ್ಲವಾ?

ಈ ಪ್ರಶ್ನೆ ಸಂವಿಧಾನ ರಚನಾ ಸಭೆಯಲ್ಲೇ ಬಂದಿತ್ತು. ಪ್ರೊ. ಕೆ.ಟಿ. ಶಾ ಅವರು ವಯಸ್ಕ ಮತದಾನದ ಮೂಲಕ ನೇರ ಚುನಾವಣೆ ಆಗಲಿ ಎಂದು ವಾದಿಸಿದರು. ನೆಹರೂ ಮತ್ತು ಅಂಬೇಡ್ಕರ್ ಒಪ್ಪಲಿಲ್ಲ. ನಮ್ಮಲ್ಲಿ ನಿಜವಾದ ಅಧಿಕಾರ ಇರುವುದು ಪ್ರಧಾನಿ ಮತ್ತು ಸಚಿವ ಸಂಪುಟದ ಬಳಿ. ಕೋಟ್ಯಂತರ ಜನ ಮತ ಹಾಕಿ ಒಬ್ಬರನ್ನು ಗೆಲ್ಲಿಸಿ, ಆಮೇಲೆ ಅವರಿಗೆ ಅಧಿಕಾರವನ್ನೇ ಕೊಡದಿದ್ದರೆ ಅದು ಅಸಂಗತ ಎಂಬುದು ಅವರ ವಾದ. ಅಷ್ಟು ದೊಡ್ಡ ಚುನಾವಣೆ ನಡೆಸುವ ಕಷ್ಟದ ಮಾತೂ ಬಂತು. ಸಂಸತ್ತೊಂದೇ ಆರಿಸಲಿ ಅಂದರೆ ಆಳುವ ಪಕ್ಷದ ಆಯ್ಕೆಯೇ ಆಗಿಬಿಡುತ್ತದೆ. ಹಾಗಾಗಿ ರಾಜ್ಯಗಳನ್ನು ಸೇರಿಸಿದರು. ಇದೇ ಕೆ.ಟಿ. ಶಾ 1952ರ ಮೊದಲ ರಾಷ್ಟ್ರಪತಿ ಚುನಾವಣೆಯಲ್ಲಿ ರಾಜೇಂದ್ರ ಪ್ರಸಾದ್ ಎದುರು ನಿಂತು ಸೋತರು.

ನೇರ ಚುನಾವಣೆ ಕೇಳುವವರ ಮಾತಲ್ಲೂ ಹುರುಳಿದೆ. ಐರ್ಲೆಂಡ್‌ನಲ್ಲಿ ಅಧ್ಯಕ್ಷರಿಗೆ ಅಧಿಕಾರ ಕಡಿಮೆ, ಆದರೂ ಜನರೇ ಆರಿಸುತ್ತಾರೆ. ಅಲ್ಲಿ ಸರ್ಕಾರ ಸುಸೂತ್ರವಾಗಿಯೇ ನಡೆಯುತ್ತಿದೆ. ಆದರೆ ಫ್ರಾನ್ಸ್‌ನ ಅನುಭವವನ್ನೂ ನೋಡಬೇಕು. 1958ರಲ್ಲಿ ಡಿ ಗಾಲ್ ಅವರನ್ನು ಆರಿಸಿದ್ದು ಸುಮಾರು 80,000 ಜನಪ್ರತಿನಿಧಿಗಳ ಎಲೆಕ್ಟೋರಲ್ ಕಾಲೇಜ್. 1962ರಲ್ಲಿ ಜನಮತಗಣನೆ ನಡೆಸಿ ಅದನ್ನು ನೇರ ಚುನಾವಣೆಗೆ ಬದಲಾಯಿಸಿದರು. ಅಲ್ಲಿಂದ ಮುಂದೆ ಫ್ರಾನ್ಸ್ ರಾಜಕೀಯವೆಲ್ಲ ಅಧ್ಯಕ್ಷರ ಸುತ್ತಲೇ ತಿರುಗುತ್ತಿದೆ. ನಮ್ಮಷ್ಟು ದೊಡ್ಡ ದೇಶದಲ್ಲಿ, ದೇಶಪೂರ್ತಿ ಪ್ರಚಾರ ಮಾಡಿ ಗೆದ್ದ ರಾಷ್ಟ್ರಪತಿ ಸಂಪುಟದ ಸಲಹೆಗೆ ಸುಮ್ಮನೆ ಸಹಿ ಹಾಕುತ್ತಾ ಕೂರುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಒಂದು ಗಾಡಿಗೆ ಇಬ್ಬರು ಸಾರಥಿಗಳಾಗುತ್ತಾರೆ.

ರಾಷ್ಟ್ರಪತಿ ಹೇಗೂ ರಬ್ಬರ್ ಸ್ಟ್ಯಾಂಪ್. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಕನ್ನಡಿಗರು ಈ ಮಾತು ಹೇಳುವ ಮೊದಲು 1989ರ ಏಪ್ರಿಲ್ ನೆನಪಿಸಿಕೊಳ್ಳಬೇಕು. ಎಸ್.ಆರ್. ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿದರು. ಆ ಆದೇಶ ಹೊರಟಿದ್ದು ರಾಷ್ಟ್ರಪತಿಗಳ ಹೆಸರಿನಲ್ಲಿ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬೊಮ್ಮಾಯಿ ಪ್ರಕರಣದ ತೀರ್ಪು ಕೊಟ್ಟಿತು. ಬಹುಮತ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ ಎಂದು ಹೇಳಿತು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಕೇಂದ್ರ ಸಂಪುಟ ಶಿಫಾರಸು ಮಾಡಿತು. ಆಗಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನು ವಾಪಸ್ ಕಳಿಸಿದರು. ಮರುವರ್ಷ ಬಿಹಾರದ ವಿಷಯದಲ್ಲೂ ಹಾಗೇ ಮಾಡಿದರು. ಕುರ್ಚಿ ಅದೇ, ಆದರೆ ಅದರಲ್ಲಿ ಕೂತವರು ಯಾರು ಅನ್ನುವುದರ ಮೇಲೆ ಒಂದು ರಾಜ್ಯ ಸರ್ಕಾರದ ಅಳಿವು ಉಳಿವು ನಿಂತಿತ್ತು.

ಇನ್ನೊಂದು ವಿಷಯ. ರಾಜ್ಯಪಾಲರು ಒಂದು ಮಸೂದೆಯನ್ನು ರಾಷ್ಟ್ರಪತಿಗೆ ಕಾದಿರಿಸಿದರೆ, ನಮ್ಮ ವಿಧಾನಮಂಡಲ ಒಪ್ಪಿದ ಆ ಮಸೂದೆಯ ಭವಿಷ್ಯ ಅಲ್ಲಿ ತೀರ್ಮಾನ ಆಗುತ್ತದೆ. ರಾಷ್ಟ್ರಪತಿ ಆಯ್ಕೆಯಲ್ಲಿ ರಾಜ್ಯಗಳಿಗೆ ಅರ್ಧ ಪಾಲು ಇರಲೇಬೇಕು ಅನ್ನುವುದಕ್ಕೆ ಇವೆಲ್ಲ ಕಾರಣ.

ಎರಡನೇ ಪ್ರಾಶಸ್ತ್ಯದ ಮತದಿಂದ ಯಾರಾದರೂ ಗೆದ್ದಿದ್ದಾರಾ?

ಮತದಾರರು ಅಭ್ಯರ್ಥಿಗಳನ್ನು 1, 2, 3 ಎಂದು ತಮ್ಮ ಇಷ್ಟದ ಕ್ರಮದಲ್ಲಿ ಗುರುತಿಸುತ್ತಾರೆ. ಮೊದಲ ಆಯ್ಕೆಯ ಮತಗಳಲ್ಲೇ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೌಲ್ಯ ಬರದಿದ್ದರೆ ಮುಂದಿನ ಆಯ್ಕೆ ಎಣಿಕೆಗೆ ಬರುತ್ತದೆ. ಹಾಗೆ ಗೆದ್ದವರು ಒಬ್ಬರೇ, 1969ರಲ್ಲಿ ವಿ.ವಿ. ಗಿರಿ. ಆ ಕಥೆ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲಿ.

ಮೇ ತಿಂಗಳಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಎಐಸಿಸಿ ಅಧಿವೇಶನ ನಡೆಯಿತು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿ ಅವರಿಗೆ ಇಷ್ಟ ಇಲ್ಲದಿದ್ದರೂ ಪಕ್ಷ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿತು. ಉಪರಾಷ್ಟ್ರಪತಿಯಾಗಿದ್ದ ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ವಿರೋಧ ಪಕ್ಷದ ಒಂದು ಗುಂಪು ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿತು. ದೇಶಮುಖ್ ಬೆಂಬಲಿಗರ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಸಿಗಲಿ ಎಂದು ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದರು. ಇಂದಿರಾ ಇದನ್ನೇ ಹಿಡಿದುಕೊಂಡರು. ರೆಡ್ಡಿಯವರ ಪರ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎನ್ನುವ ಪಕ್ಷದ ಆದೇಶ, ಕೊಡಲು ಒಪ್ಪಲಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕಿ ಅನ್ನುವ ಕರೆ ಬಂತು.

ಮೊದಲ ಎಣಿಕೆಯಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಗೆಲ್ಲಲು ಬೇಕಿದ್ದು 4,18,169. ಯಾರೂ ಮುಟ್ಟಲಿಲ್ಲ. ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಚೀಟಿಗಳ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚಿದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ವರ್ಷ ಮುಗಿಯುವ ಮುಂಚೆ ಕಾಂಗ್ರೆಸ್ ಎರಡಾಯಿತು. ಇದೇ ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು. ಅವರು ಬರುವ ತನಕ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಬಿ.ಡಿ. ಜತ್ತಿ.

ಪ್ರಾಶಸ್ತ್ಯದ ಮತವನ್ನು ನಾನು ಈ ಪದ್ಧತಿಯ ಎರಡನೇ ದೊಡ್ಡ ಗುಣ ಅನ್ನುತ್ತೇನೆ. ಮತ ಮೂರು ಪಾಲಾದರೂ, ಶೇಕಡಾ 35 ತೆಗೆದುಕೊಂಡವರು ಗೆದ್ದುಬಿಡುವ ಹಾಗಿಲ್ಲ.

ವಿಪ್ ಇಲ್ಲ, ಮತ ಗುಟ್ಟು. ಅಡ್ಡಮತದಾನಕ್ಕೆ ದಾರಿ ಮಾಡಿಕೊಟ್ಟ ಹಾಗೆ ಅಲ್ವಾ?

ಹೌದು, ಅಡ್ಡಮತ ಬೀಳುತ್ತದೆ. ಪಕ್ಷಗಳು ಈ ಚುನಾವಣೆಗೆ ವಿಪ್ ಕೊಡುವ ಹಾಗಿಲ್ಲ ಎಂದು ಚುನಾವಣಾ ಆಯೋಗ ಹೇಳಿದೆ. 2012ರಲ್ಲಿ ಬಿಜೆಪಿ ಆಡಳಿತ ಇದ್ದ ಕರ್ನಾಟಕದಲ್ಲೇ, ಬಿಜೆಪಿ ಬೆಂಬಲಿಸಿದ್ದ ಪಿ.ಎ. ಸಂಗ್ಮಾ ಅವರಿಗಿಂತ ಪ್ರಣಬ್ ಮುಖರ್ಜಿ ಅವರಿಗೆ ಜಾಸ್ತಿ ಶಾಸಕರ ಮತ ಬಿದ್ದವು.

ರಾಜ್ಯಸಭೆ ಚುನಾವಣೆಯಲ್ಲಿ 2003ರಿಂದ ಚೀಟಿಯನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕುವ ಕ್ರಮ ಇದೆ. ಇಲ್ಲೂ ಹಾಗೇ ಮಾಡಿ ಎನ್ನುವ ಬೇಡಿಕೆ ಆಗಾಗ ಕೇಳಿಬರುತ್ತದೆ. ನಾನು ಇದಕ್ಕೆ ವಿರೋಧಿ. ರಾಜ್ಯಸಭೆಗೆ ಹೋಗುವವರು ಪಕ್ಷದ ಪ್ರತಿನಿಧಿಗಳು. ರಾಷ್ಟ್ರಪತಿ ಹಾಗಲ್ಲ. ಪಕ್ಷದ ಹೈಕಮಾಂಡ್ ಕಣ್ಣು ತಪ್ಪಿಸಿ ತನಗೆ ಸರಿ ಕಂಡವರಿಗೆ ಮತ ಹಾಕುವ ಅವಕಾಶ ನಮ್ಮ ಶಾಸಕರಿಗೆ ಸಿಗುವುದೇ ಅಪರೂಪ. ಇದೊಂದಾದರೂ ಉಳಿಯಲಿ. ಗುಟ್ಟಿನ ಮತ 55ನೇ ವಿಧಿಯಲ್ಲೇ ಇದೆ, ಹಾಗಾಗಿ ಬರೀ ಕಾಯ್ದೆ ಬದಲಾಯಿಸಿ ಅದನ್ನು ತೆಗೆಯಲೂ ಆಗದು.

ಅಮೆರಿಕದ ಎಲೆಕ್ಟೋರಲ್ ಕಾಲೇಜ್ ಥರವೇನಾ ಇದು?

ಹೆಸರು ಒಂದೇ, ಕೆಲಸ ಬೇರೆ. ಅಲ್ಲಿರುವ ನಮ್ಮ ಬಂಧುಗಳು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಅಮೆರಿಕದಲ್ಲಿ 538 ಎಲೆಕ್ಟರ್‌ಗಳು, ಗೆಲ್ಲಲು 270. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ, ಒಂದು ರಾಜ್ಯದಲ್ಲಿ ಒಂದು ಮತ ಜಾಸ್ತಿ ಪಡೆದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು ಸಿಗುತ್ತಾರೆ. ಅದಕ್ಕೇ 2000 ಮತ್ತು 2016ರಲ್ಲಿ ದೇಶದಲ್ಲಿ ಕಡಿಮೆ ಮತ ಪಡೆದವರು ಅಧ್ಯಕ್ಷರಾದರು. 2000ದಲ್ಲಿ ಫ್ಲಾರಿಡಾದ 537 ಮತಗಳ ಅಂತರ ಎಲ್ಲವನ್ನೂ ತೀರ್ಮಾನಿಸಿತು.

ನಮ್ಮಲ್ಲಿ ರಾಜ್ಯದ ಮತ ಇಡಿಯಾಗಿ ಒಬ್ಬರಿಗೆ ಹೋಗುವುದಿಲ್ಲ. ಪ್ರತಿ ಶಾಸಕರ ಮತ ಪ್ರತ್ಯೇಕ. ಇನ್ನೊಂದು ವ್ಯತ್ಯಾಸ, ಅಲ್ಲಿ ಎಷ್ಟೇ ಚಿಕ್ಕ ರಾಜ್ಯಕ್ಕೂ ಕನಿಷ್ಠ ಮೂರು ಎಲೆಕ್ಟರ್‌ಗಳು. ಹಾಗಾಗಿ ವಯೋಮಿಂಗ್‌ನ ಒಬ್ಬ ಮತದಾರನ ತೂಕ ಕ್ಯಾಲಿಫೋರ್ನಿಯಾದವನಿಗಿಂತ ಎಷ್ಟೋ ಹೆಚ್ಚು. ನಮ್ಮ ಶಾಸಕರ ಮತದಲ್ಲಿ ಚಿಕ್ಕ ರಾಜ್ಯಕ್ಕೆ ಅಂಥ ರಿಯಾಯಿತಿ ಇಲ್ಲ. ನಮಗೆ ಹತ್ತಿರದ ಹೋಲಿಕೆ ಜರ್ಮನಿ. ಅಲ್ಲಿ ಸಂಸತ್ತಿನ ಕೆಳಮನೆಯ ಸದಸ್ಯರು ಮತ್ತು ಅಷ್ಟೇ ಸಂಖ್ಯೆಯ ರಾಜ್ಯಗಳ ಪ್ರತಿನಿಧಿಗಳು ಒಟ್ಟಿಗೆ ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ.

ಇನ್ನೂ 1971ರ ಜನಗಣತಿಯನ್ನೇ ಯಾಕೆ ಹಿಡಿದುಕೊಂಡಿದ್ದಾರೆ?

1976ರ 42ನೇ ತಿದ್ದುಪಡಿ ಲೋಕಸಭೆ ಸೀಟುಗಳ ಹಂಚಿಕೆಯನ್ನೂ ರಾಷ್ಟ್ರಪತಿ ಚುನಾವಣೆಯ ಜನಸಂಖ್ಯೆ ಲೆಕ್ಕವನ್ನೂ 1971ಕ್ಕೆ ನಿಲ್ಲಿಸಿತು. ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ಅದೇ ಕಾರಣಕ್ಕೆ ನಷ್ಟ ಆಗಬಾರದು ಎಂಬ ಆಲೋಚನೆ. ಆ ಗಡುವು 2000ದ ನಂತರದ ಗಣತಿಯವರೆಗೆ ಇತ್ತು. ಮುಗಿಯುತ್ತಾ ಬಂದಾಗ 84ನೇ ತಿದ್ದುಪಡಿ ಅದನ್ನು ಮುಂದಕ್ಕೆ ಹಾಕಿತು. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಪ್ರಕಟ ಆಗುವವರೆಗೆ 1971ರದೇ ಲೆಕ್ಕ.

2021ರಲ್ಲಿ ಆಗಬೇಕಿದ್ದ ಗಣತಿ ತಡವಾಗಿ, ಈಗ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಅನ್ನು ಗಣತಿಯ ದಿನವಾಗಿ ಗೊತ್ತುಮಾಡಿದ್ದಾರೆ. ಅಂದರೆ ಅದೇ ‘2026ರ ನಂತರದ ಮೊದಲ ಗಣತಿ’.

ಹೊಸ ಅಂಕಿ ಬಂದರೆ ಕರ್ನಾಟಕಕ್ಕೆ ಏನಾಗುತ್ತದೆ?

2027ರ ಅಂಕಿ ಕೈಯಲ್ಲಿಲ್ಲ. ಆದರೆ 2011ರ ಗಣತಿಯನ್ನು ಅದೇ ಸೂತ್ರಕ್ಕೆ ಹಾಕಿದರೆ ದಿಕ್ಕು ಗೊತ್ತಾಗುತ್ತದೆ. ನಮ್ಮ ಶಾಸಕರ ಮೌಲ್ಯ 131ರಿಂದ 273ಕ್ಕೆ ಏರುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಉಳಿದವರದು ಎಷ್ಟು ಏರುತ್ತದೆ ನೋಡಿ.

1971ರ ಲೆಕ್ಕದಲ್ಲಿ ರಾಜಸ್ಥಾನದ ಶಾಸಕರ ಮತಕ್ಕೆ 129, ನಮಗಿಂತ ಎರಡು ಕಡಿಮೆ. 2011ರ ಲೆಕ್ಕದಲ್ಲಿ ಅದು 343. ತಮಿಳುನಾಡು 176, ಬಿಹಾರ 173 ಇದ್ದದ್ದು, 308 ಮತ್ತು 428 ಆಗುತ್ತವೆ. ಒಟ್ಟು ಶಾಸಕರ ಮೌಲ್ಯದಲ್ಲಿ ಕೇರಳದ ಪಾಲು ಸುಮಾರು ಶೇ. 3.9ರಿಂದ 2.8ಕ್ಕೆ, ತಮಿಳುನಾಡಿನದು 7.6ರಿಂದ 6ಕ್ಕೆ ಇಳಿಯುತ್ತದೆ. ಕರ್ನಾಟಕದ್ದು 5.4ರಿಂದ 5ರ ಆಸುಪಾಸಿಗೆ. ಬೆಂಗಳೂರಿಗೆ ಬಂದು ನೆಲೆಸಿದವರೂ ಲೆಕ್ಕಕ್ಕೆ ಸೇರುವುದರಿಂದ ನಮ್ಮ ಪೆಟ್ಟು ನೆರೆಯವರಷ್ಟು ದೊಡ್ಡದಲ್ಲ.

ಇದು ರಾಜ್ಯಗಳ ತಟ್ಟೆಯ ಕಥೆ ಮಾತ್ರ. ಲೋಕಸಭೆ ಸೀಟುಗಳೂ ಜನಸಂಖ್ಯೆಗೆ ತಕ್ಕಂತೆ ಮರುಹಂಚಿಕೆ ಆದರೆ ಸಂಸದರ ತಟ್ಟೆಯಲ್ಲೂ ಅದೇ ಇಳಿಕೆ ಆಗುತ್ತದೆ. ಒಂದೇ ಕಾರಣಕ್ಕೆ ಎರಡು ಕಡೆ ಪೆಟ್ಟು. ರಾಷ್ಟ್ರಪತಿ ಚುನಾವಣೆಯಲ್ಲಿ ಬೀಳುವ ಈ ಪೆಟ್ಟಿನ ಮಾತು ಯಾರ ಭಾಷಣದಲ್ಲೂ ಬರುತ್ತಿಲ್ಲ ಅನ್ನುವುದು ನನ್ನ ಚಿಂತೆ.

ವಿಧಾನಸಭೆ ಸೀಟು ಹೆಚ್ಚಿಸಿಕೊಂಡರೆ ಪಾಲು ಹೆಚ್ಚುತ್ತದಾ?

ಇಲ್ಲ. ಶಾಸಕರು ಹೆಚ್ಚಾದರೆ ಒಬ್ಬೊಬ್ಬರ ಮೌಲ್ಯ ಇಳಿಯುತ್ತದೆ. ರಾಜ್ಯದ ಒಟ್ಟು ಮೊತ್ತ ಹಾಗೇ ಇರುತ್ತದೆ.

ಹಾಗಾದರೆ 1971ನ್ನೇ ಶಾಶ್ವತ ಮಾಡಿಬಿಡೋಣವಾ?

ದಕ್ಷಿಣದವರಾಗಿ ಹೌದು ಅನ್ನಲು ಮನಸ್ಸಾಗುತ್ತದೆ. ಆದರೆ ರಾಜಸ್ಥಾನದ ಒಬ್ಬ ಹಳ್ಳಿಯವನ ಕಡೆಯಿಂದಲೂ ಯೋಚಿಸಬೇಕು. ಅವನ ಅಜ್ಜನ ಕಾಲದ ಲೆಕ್ಕದಲ್ಲಿ ಅವನನ್ನು ಇನ್ನೂ ಎಷ್ಟು ದಿನ ಎಣಿಸುವುದು? 55ನೇ ವಿಧಿ ರಾಜ್ಯಗಳ ಪ್ರಾತಿನಿಧ್ಯದ ಅಳತೆ ಆದಷ್ಟೂ ಏಕರೂಪ ಇರಬೇಕು ಎನ್ನುತ್ತದೆ.

ಆದರೂ ರಾಷ್ಟ್ರಪತಿ ಚುನಾವಣೆ ಲೋಕಸಭೆಯಂತಲ್ಲ. ಲೋಕಸಭೆ ಜನರ ಸಭೆ, ಅಲ್ಲಿ ತಲೆ ಎಣಿಕೆಗೆ ಬಲವಾದ ನ್ಯಾಯ ಇದೆ. ರಾಷ್ಟ್ರಪತಿ ಚುನಾವಣೆಯ ಅರ್ಧ ಭಾಗವನ್ನು ರಾಜ್ಯಗಳಿಗೆ ಕೊಟ್ಟಿದ್ದೇ ಅವು ರಾಜ್ಯಗಳು ಅನ್ನುವ ಕಾರಣಕ್ಕೆ. ಹಾಗಾಗಿ ನನ್ನ ಸಲಹೆ ಎರಡು. ಮೊದಲನೆಯದು, ಲೋಕಸಭೆ ಸೀಟಿನ ತೀರ್ಮಾನಕ್ಕೂ ಇದಕ್ಕೂ ಗಂಟು ಹಾಕದೆ ಬೇರೆಯಾಗಿ ಚರ್ಚಿಸಬೇಕು. ಎರಡನೆಯದು, ಬದಲಾವಣೆ ಒಮ್ಮೆಲೇ ಬೇಡ. 1971 ಮತ್ತು 2027ರ ಅಂಕಿಗಳ ಸರಾಸರಿ ಹಿಡಿದು ಒಂದೆರಡು ಚುನಾವಣೆ ನಡೆಸಬಹುದು. ಸಂಸದರ ಕಡೆ ಹೇಗೂ ಜನಸಂಖ್ಯೆಯ ತೂಕ ಬರುತ್ತದೆ. ರಾಜ್ಯಗಳ ಕಡೆಯೂ ಅದೇ ತೂಕ ಪೂರ್ತಿ ಹಾಕಿದರೆ ಎರಡು ತಟ್ಟೆ ಇಟ್ಟ ಉದ್ದೇಶವೇ ಸೊರಗುತ್ತದೆ.

ಚುನಾವಣೆ ಹೊತ್ತಿಗೆ ವಿಧಾನಸಭೆ ಇಲ್ಲದಿದ್ದರೆ?

ಆ ರಾಜ್ಯದ ಶಾಸಕರ ಮತ ಇರುವುದಿಲ್ಲ, ಚುನಾವಣೆ ನಿಲ್ಲುವುದೂ ಇಲ್ಲ. 1974ರಲ್ಲಿ ಗುಜರಾತ್ ವಿಧಾನಸಭೆ ವಿಸರ್ಜನೆ ಆಗಿತ್ತು. ಚುನಾವಣೆ ನಡೆಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಜಮ್ಮು ಕಾಶ್ಮೀರದಲ್ಲಿ ವಿಧಾನಸಭೆ ಇರಲಿಲ್ಲ. ಸಂಸದರ ಮೌಲ್ಯ 708ರಿಂದ 700ಕ್ಕೆ ಇಳಿದದ್ದು ಅದಕ್ಕೇ. ಇದು ಸರಿಯಲ್ಲ. ವಿಧಾನಸಭೆ ವಿಸರ್ಜನೆಯ ಹಿಂದೆ ಎಷ್ಟೋ ಸಲ ಕೇಂದ್ರದ ಕೈ ಇರುತ್ತದೆ. ಆ ಕೇಂದ್ರದ ಸಂಸದರು ಮತ ಹಾಕುತ್ತಾರೆ, ರಾಜ್ಯ ಮಾತ್ರ ಹೊರಗೆ ನಿಲ್ಲುತ್ತದೆ.

ಸಾಮಾನ್ಯರು ನಿಲ್ಲಬಹುದಾ?

35 ವರ್ಷ ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಬೇಕು. ಜೊತೆಗೆ ಮತದಾರರಲ್ಲಿ 50 ಜನ ಸೂಚಕರು, 50 ಜನ ಅನುಮೋದಕರು, 15,000 ರೂಪಾಯಿ ಠೇವಣಿ. 1967ರಲ್ಲಿ 17 ಜನ ನಿಂತು, 9 ಜನಕ್ಕೆ ಒಂದು ಮತವೂ ಬಿದ್ದಿರಲಿಲ್ಲ. ಇಂಥದ್ದನ್ನು ತಡೆಯಲು ನಿಯಮ ಬಿಗಿ ಮಾಡುತ್ತಾ ಬಂದರು. ಈಗಿನ ಮಿತಿ 1997ರದು.

ಪಂಚಾಯಿತಿ ಸದಸ್ಯರಿಗೂ ಮತ ಕೊಡಿ ಅಂದರೆ?

ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿಯ ನಂತರ ಇದು ತಕ್ಕ ಪ್ರಶ್ನೆಯೇ. ಆದರೆ ಲಕ್ಷಾಂತರ ಸದಸ್ಯರನ್ನು ಸೇರಿಸಿದರೆ ಕೇಂದ್ರ ಮತ್ತು ರಾಜ್ಯದ ಸಮತೂಕವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಸದ್ಯಕ್ಕೆ ಬೇಡ ಅನ್ನುವವರಲ್ಲಿ ನಾನೂ ಒಬ್ಬ.

ರಾಷ್ಟ್ರಪತಿಯನ್ನು ತೆಗೆಯುವಾಗಲೂ ಶಾಸಕರು ಮತ ಹಾಕುತ್ತಾರಾ?

ಇಲ್ಲ. ಈ ವ್ಯವಸ್ಥೆಯಲ್ಲಿ ಇಷ್ಟು ಸ್ಪಷ್ಟವಾದ ಕೊರತೆ ಇನ್ನೊಂದಿಲ್ಲ. 61ನೇ ವಿಧಿಯ ಮಹಾಭಿಯೋಗ ಪೂರ್ತಿ ಸಂಸತ್ತಿನ ಕೈಯಲ್ಲಿದೆ. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮತ ಬೇಕು. ಆರಿಸುವಾಗ ಮತ ಇಲ್ಲದ ನಾಮಕರಣ ಸದಸ್ಯರು ತೆಗೆಯುವಾಗ ಮತ ಹಾಕುತ್ತಾರೆ. ಆರಿಸಿದವರಲ್ಲಿ ಅರ್ಧ ತೂಕ ಇರುವ ಶಾಸಕರಿಗೆ ಬಾಯಿಯೇ ಇಲ್ಲ. ಇದುವರೆಗೆ ಯಾವ ರಾಷ್ಟ್ರಪತಿಯನ್ನೂ ಹೀಗೆ ತೆಗೆದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಸಂಸತ್ತಿನ ತೀರ್ಮಾನಕ್ಕೆ ಅರ್ಧದಷ್ಟು ವಿಧಾನಸಭೆಗಳಾದರೂ ಒಪ್ಪಿಗೆ ಕೊಡಬೇಕು ಎಂಬ ಸಾಲು ಸೇರಿಸಿದರೆ ಇದು ಸರಿಹೋಗುತ್ತದೆ.

ಇದನ್ನೆಲ್ಲ ಬದಲಾಯಿಸುವುದು ಎಷ್ಟು ಕಷ್ಟ?

54 ಮತ್ತು 55ನೇ ವಿಧಿ ಮುಟ್ಟಬೇಕಾದರೆ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆ ಬೇಕು. 368ನೇ ವಿಧಿ ಹಾಗೆ ಹೇಳುತ್ತದೆ. 61ನೇ ವಿಧಿ ಆ ಪಟ್ಟಿಯಲ್ಲಿ ಇಲ್ಲ, ಅದಕ್ಕೆ ಸಂಸತ್ತಿನ ವಿಶೇಷ ಬಹುಮತ ಸಾಕು.

ಆದರೆ 1971ರ ಅಂಕಿ ಬದಲಾಗಲು ಯಾರ ಒಪ್ಪಿಗೆಯೂ ಬೇಕಿಲ್ಲ. ಯಾರೂ ಏನೂ ಮಾಡದಿದ್ದರೆ, ಗಣತಿ ಅಂಕಿ ಪ್ರಕಟವಾದ ದಿನ ಹಳೆ ಲೆಕ್ಕ ತಾನಾಗಿಯೇ ಹೋಗುತ್ತದೆ. ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈನಲ್ಲಿ ಮುಗಿಯುತ್ತದೆ. ಆ ಚುನಾವಣೆಗೆ ಯಾವ ಲೆಕ್ಕ ಅನ್ನುವುದು ಅಂಕಿ ಯಾವಾಗ ಪ್ರಕಟವಾಗುತ್ತದೆ ಎಂಬುದರ ಮೇಲೆ ನಿಂತಿದೆ. ಅದರಾಚೆಯ ಚುನಾವಣೆ ಹೊಸ ಅಂಕಿಯ ಮೇಲೆಯೇ ನಡೆಯುತ್ತದೆ. ಬೇರೆ ದಾರಿ ಬೇಕು ಅನ್ನುವವರು ಅಷ್ಟರೊಳಗೆ ತಿದ್ದುಪಡಿ ತರಬೇಕು. ನಮ್ಮ ವಿಧಾನಸಭೆ ಈಗಲೇ ಒಂದು ದಿನ ಕೂತು ಇದನ್ನು ಚರ್ಚಿಸಲಿ. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಸಲ ಸಿಕ್ಕಾಗ, ರಸ್ತೆ ಮತ್ತು ನೀರಿನ ಮಾತಿನ ಜೊತೆ, 55ನೇ ವಿಧಿಯ ಬಗ್ಗೆ ಅವರ ನಿಲುವೇನು ಅಂತ ಕೇಳಿ.